ಒಂದೇ ಕಡತ, ಎರಡು ವಿಳಾಸ

ನಮ್ಮ ಇಲವಾಲಕ್ಕೆ ಹೆಸರುಗಳು ಒಂದೆರಡಲ್ಲ. ಇಲವಾಲ ಎನ್ನುವವರುಂಟು, ಯಲವಾಲ ಎನ್ನುವವರುಂಟು. 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆ, ನೆಹರೂ ಮುಂತಾದವರು ಇಲ್ಲಿ ಸೇರಿ ಗ್ರಾಮದಾನದ ಬಗ್ಗೆ ಚರ್ಚಿಸಿದರಲ್ಲ, ಆ ಸಮ್ಮೇಳನವನ್ನು ಇಂಗ್ಲಿಷ್ ಪುಸ್ತಕಗಳಲ್ಲಿ ಹುಡುಕಬೇಕಾದರೆ ‘ಯೇಲ್ವಾಲ್’ ಎಂದು ಹುಡುಕಬೇಕು. ಹುಣಸೂರು ಕಡೆಯ ಬಸ್ಸಿನ ಕಂಡಕ್ಟರಿಗೆ ಯಾವ ಹೆಸರು ಹೇಳಿದರೂ ಇಲ್ಲೇ ಇಳಿಸುತ್ತಾನೆ. ಕಂಪ್ಯೂಟರಿಗೆ ಆ ಕಂಡಕ್ಟರನ ಬುದ್ಧಿಯಿಲ್ಲ.

ಇದು ನೆನಪಾದದ್ದು ನಮ್ಮ ಬೀದಿಯ ಹುಡುಗಿಯೊಬ್ಬಳಿಂದ. ಮೈಸೂರಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು, ಹಾಸ್ಟೆಲ್ ಬೇಕಿತ್ತು. ಗೂಗಲ್‌ನಲ್ಲಿ ಹುಡುಕಿ ಹಾಸ್ಟೆಲ್ ಪ್ರಕಟಣೆಯ ಪಿಡಿಎಫ್ ಇಳಿಸಿಕೊಂಡಳು. ಕೊನೆಯ ದಿನ 25 ಎಂದಿತ್ತು. 20ಕ್ಕೆ ಅರ್ಜಿ ಕೊಡಲು ಹೋದರೆ, 15ಕ್ಕೇ ಮುಗಿಯಿತು ಎಂದರು! ಅವಳ ತಂದೆ ಅಚ್ಚು ಹಾಕಿಸಿದ ಹಾಳೆ ಹಿಡಿದು ನನ್ನ ಬಳಿ ಬಂದರು. “ಮೇಷ್ಟ್ರೇ, ಇಪ್ಪತ್ತೈದು ಅಂತ ಅವರೇ ಬರೆದಿದ್ದಾರಲ್ಲ, ನೀವೇ ನೋಡಿ.”

ಇಬ್ಬರೂ ಕಾಲೇಜಿಗೆ ಹೋದೆವು. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ, “ಸಾರ್, ತಪ್ಪು ಗೊತ್ತಾದ ದಿನವೇ ತಿದ್ದಿದ್ದೀವಿ ಸಾರ್” ಎಂದ. ಸುಳ್ಳಲ್ಲ. ಪ್ರಕಟಣೆ ವಿಭಾಗದ ಪ್ರತಿಯನ್ನು ತಿದ್ದಿದ್ದ. ಹಾಸ್ಟೆಲ್ ವಿಭಾಗದವರು ಅದನ್ನೇ ತಮ್ಮ ಫೋಲ್ಡರಿನಲ್ಲೂ ಇಟ್ಟುಕೊಂಡಿದ್ದರು. ಅದನ್ನು ಯಾರೂ ಮುಟ್ಟಿರಲಿಲ್ಲ. ಹುಡುಗಿಗೆ ಸಿಕ್ಕಿದ್ದು ಅದು.

ತಪ್ಪು ಪ್ರತಿಯನ್ನು ಅಳಿಸಿ, ಅಲ್ಲಿಗೆ ಬಂದವರನ್ನು ಸರಿಯಾದ ಕಡೆಗೆ ಶಾಶ್ವತವಾಗಿ ತಿರುಗಿಸುವುದು ಮೊದಲ ಕೆಲಸ. ಇದಕ್ಕೆ 301 ಎಂಬ ಸಂಕೇತವಿದೆ. ಅದನ್ನು ಆತ ನಮ್ಮೆದುರಿಗೇ ಮಾಡಿದ. ಆದರೆ ಪಠ್ಯಕ್ರಮ, ಕೈಪಿಡಿ ಮುಂತಾದ ಕಡತಗಳು ಎರಡೆರಡು ಕಡೆ ಇರಲೇಬೇಕೆಂದು ವಿಭಾಗದವರ ಹಟ. ಅಂಥಲ್ಲಿ ‘ಇವೆರಡರಲ್ಲಿ ಅಸಲು ಇದು’ ಎಂದು ಹುಡುಕುಯಂತ್ರಕ್ಕೆ ಹೇಳುವ ಬಗೆಯೊಂದಿದೆ. ಅದರ ಹೆಸರು ಕ್ಯಾನೋನಿಕಲ್. 2009ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಇದನ್ನು ಒಪ್ಪಿಕೊಂಡವು. ಸಾಮಾನ್ಯ ವೆಬ್ ಪುಟದಲ್ಲಾದರೆ ಪುಟದ ತಲೆಭಾಗದಲ್ಲಿ ಒಂದು ಸಾಲು ಬರೆದರಾಯಿತು. 1993ರಲ್ಲಿ ಅಡೋಬಿ ಹೊರತಂದ ಪಿಡಿಎಫ್‌ನಲ್ಲಿ ಅಂಥ ಸಾಲು ಬರೆಯಲು ಜಾಗವಿಲ್ಲ. ಕಾಗದದಲ್ಲಿ ಬರೆಯಲಾಗದ್ದನ್ನು ಲಕೋಟೆಯ ಮೇಲೆ ಬರೆಯಬೇಕು. ಸರ್ವರ್ ಯಾವುದೇ ಕಡತ ಕಳಿಸುವಾಗ ಅದರ ಮುಂದೆ ಹೆಡರ್ ಎಂಬ ಕೆಲವು ಸಾಲುಗಳನ್ನು ಕಳಿಸುತ್ತದೆ. ಅದೇ ಲಕೋಟೆ. ಅಲ್ಲಿ ಬರೆದರೂ ಓದುತ್ತೇವೆ ಎಂದು ಗೂಗಲ್ 2011ರಲ್ಲಿ ಹೇಳಿತು.

ಆ ಕಾಲೇಜಿನದು ವಿಂಡೋಸ್ ಸರ್ವರ್. ಅದರಲ್ಲಿ ಐಐಎಸ್ ಎಂಬ ತಂತ್ರಾಂಶ ಕಡತಗಳನ್ನು ಹಂಚುತ್ತದೆ. ಅದಕ್ಕೆ ಅಪ್ಪಣೆ ಕೊಡುವ ಕಡತ ವೆಬ್.ಕಾನ್ಫಿಗ್. ಇದರಲ್ಲಿ ‘ಲೊಕೇಶನ್’ ಎಂಬ ಭಾಗ ತೆರೆದು, ನಕಲು ಪಿಡಿಎಫ್‌ನ ದಾರಿ ಕೊಟ್ಟು, ಒಳಗೆ ‘ಕಸ್ಟಮ್ ಹೆಡರ್ಸ್’ನಲ್ಲಿ ‘ಲಿಂಕ್’ ಎಂಬ ಹೆಸರಿನ ಹೆಡರ್ ಸೇರಿಸಬೇಕು. ಅದರ ಬೆಲೆಯಲ್ಲಿ ಕೋನಾವರಣದೊಳಗೆ ಅಸಲು ಕಡತದ ಪೂರ್ಣ ವಿಳಾಸ, ಬಳಿಕ ಅರ್ಧವಿರಾಮ, ಬಳಿಕ ‘ರೆಲ್ ಈಕ್ವಲ್ಸ್ ಕ್ಯಾನೋನಿಕಲ್’. ಇಷ್ಟೇ.

ಇಷ್ಟೇ ಎಂದೆ, ಆದರೆ ಎಡವುವುದು ಇಲ್ಲಿಯೇ. ವೆಬ್.ಕಾನ್ಫಿಗ್‌ಗೆ ಕೋನಾವರಣವೆಂದರೆ ತನ್ನದೇ ವ್ಯಾಕರಣದ ಚಿಹ್ನೆ. ಹಾಗಾಗಿ ತೆರೆಯುವ ಆವರಣವನ್ನು ನೇರವಾಗಿ ಬರೆಯದೆ ‘ಆಂಪರ್‌ಸ್ಯಾಂಡ್, ಎಲ್, ಟಿ, ಅರ್ಧವಿರಾಮ’ ಎಂದೂ, ಮುಚ್ಚುವುದನ್ನು ‘ಎಲ್’ ಬದಲು ‘ಜಿ’ ಹಾಕಿಯೂ ಬರೆಯಬೇಕು. ಮರೆತರೆ ಆ ಪಿಡಿಎಫ್ ಒಂದೇ ಅಲ್ಲ, ಇಡೀ ತಾಣವೇ 500 ಎಂಬ ದೋಷ ತೋರಿಸಿ ಕೂರುತ್ತದೆ. ನಮ್ಮ ಹುಡುಗನಿಗೂ ಹಾಗೇ ಆಯಿತು. ಪುಣ್ಯಕ್ಕೆ ಹಳೆಯ ವೆಬ್.ಕಾನ್ಫಿಗ್‌ನ ನಕಲು ಇಟ್ಟುಕೊಂಡಿದ್ದ. ‘ಲೊಕೇಶನ್’ ಬಿಟ್ಟು ಹೆಡರನ್ನು ಹೊರಗೆ ಬರೆಯುವುದು ಇನ್ನೂ ಅಪಾಯ. ಆಗ ಫಲಿತಾಂಶ, ಶುಲ್ಕ, ಮುಖಪುಟ ಎಲ್ಲವೂ ‘ನಾವು ನಕಲು, ಆ ಒಂದು ಪಿಡಿಎಫ್ಪೇ ಅಸಲು’ ಎಂದು ಸಾರತೊಡಗುತ್ತವೆ! ಕಡತಗಳು ನೂರಾರಿದ್ದರೆ ಒಂದೊಂದಕ್ಕೂ ಬರೆಯುವ ಬದಲು ‘ಯುಆರ್‌ಎಲ್ ರೀರೈಟ್’ ಎಂಬ ಸಲಕರಣೆಯಲ್ಲಿ ಒಂದೇ ನಿಯಮ ಸಾಕಾಗಬಹುದು.

ವಿಂಡೋಸಿನದೇ ಇನ್ನೊಂದು ಕಥೆಯಿದೆ. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳಲ್ಲಿ ಅದು ಭೇದವೆಣಿಸುವುದಿಲ್ಲ. ವಿಳಾಸದಲ್ಲಿ ‘ಹಾಸ್ಟೆಲ್’ ಎಂಬುದನ್ನು ಹೇಗೆ ಬರೆದರೂ ಅದೇ ಕಡತ ಕೊಡುತ್ತದೆ. ಗೂಗಲ್‌ಗೆ ಅವು ಬೇರೆಬೇರೆ ವಿಳಾಸಗಳು. ಎಂದರೆ ಯಾರೂ ನಕಲು ಮಾಡದೆಯೇ ನಕಲುಗಳು! ಇದಕ್ಕೂ ಮದ್ದು ಅದೇ ಹೆಡರ್.

ಕೆಲಸವಾಯಿತೇ ಎಂದು ನೋಡಲು ವಿದ್ಯಾರ್ಥಿಗಳಿಗೂ ಸಾಧ್ಯ. ಕಂಪ್ಯೂಟರಿನ ಬ್ರೌಸರಿನಲ್ಲಿ ಎಫ್12 ಒತ್ತಿ, ‘ನೆಟ್‌ವರ್ಕ್’ಗೆ ಹೋಗಿ, ಪಿಡಿಎಫ್ ತೆರೆದರೆ ಹೆಡರುಗಳು ಕಾಣುತ್ತವೆ. ಆದರೆ ಕ್ಯಾನೋನಿಕಲ್ ಎಂಬುದು ಗೂಗಲ್‌ಗೆ ಸೂಚನೆ ಮಾತ್ರ, ಆಜ್ಞೆಯಲ್ಲ. ವಾಟ್ಸ್ಯಾಪಿನಲ್ಲಿ ಹಳೆಯ ಕೊಂಡಿ ಬಂದರೆ ಅದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ತಂದೆತಾಯಿಗಳು ದಿನಾಂಕದ ವಿಷಯದಲ್ಲಿ ಹುಡುಕಿ ಸಿಕ್ಕ ಪಿಡಿಎಫ್ ನಂಬದೆ, ಕಾಲೇಜಿನ ಮುಖಪುಟದಿಂದ ಒಳಹೊಕ್ಕು ನೋಡುವುದು ಕ್ಷೇಮ.

ಹುಡುಗಿಯ ಹೆಸರನ್ನು ಹಾಸ್ಟೆಲಿನ ಕಾಯುವ ಪಟ್ಟಿಗೆ ಸೇರಿಸಿಕೊಂಡಿದ್ದಾರೆ. ಅಲ್ಲಿಯವರೆಗೆ ಬೆಳಗಿನ ಬಸ್ಸು.