ಹಸಿರು ಡೀಸೆಲ್‌ಗೆ ಯಾರ ಹೊಲ?

ಜರ್ಮನಿಯಲ್ಲಿ ಡೀಸೆಲ್ ಕಾರು ಇಟ್ಟುಕೊಂಡಿದ್ದೀರಾ? ಹಾಗಾದರೆ ಮುಂದಿನ ಸಲ ಬಂಕಿಗೆ ಹೋದಾಗ ಪಂಪಿನ ಮೇಲಿರುವ ಚಿಕ್ಕ ಚೌಕವನ್ನು ನೋಡಿ. ಅದರೊಳಗೆ ‘ಬಿ7’ ಅಂತ ಬರೆದಿರುತ್ತೆ. ಅಂದರೆ ಆ ಡೀಸೆಲ್‌ನಲ್ಲಿ ನೂರಕ್ಕೆ ಏಳು ಪಾಲಿನವರೆಗೆ ಬಯೋಡೀಸೆಲ್ ಇರಬಹುದು. 2024ರಿಂದ ಅಲ್ಲಿ ‘ಬಿ10’ ಮಾರುವುದಕ್ಕೂ ಅನುಮತಿ ಇದೆ. ನೀವಿರೋದು ಅಮೆರಿಕದ ಮಿನೆಸೋಟದಲ್ಲಾದರೆ ಬೇಸಿಗೆಯಲ್ಲಿ ನಿಮಗೆ ಸಿಗೋದು ಬಿ20.

ಈ ಬೆರಕೆಯ ಬಗ್ಗೆ ನಮ್ಮವರಲ್ಲಿ ಎರಡು ಮಾತು ಕೇಳಿಬರುತ್ತೆ. ‘ಇಂಜಿನ್ ಹಾಳಾಗುತ್ತೆ’ ಅನ್ನೋದು ಒಂದು. ‘ಗಿಡದಿಂದ ಬಂದದ್ದು, ಪರಿಸರಕ್ಕೆ ಒಳ್ಳೇದು’ ಅನ್ನೋದು ಇನ್ನೊಂದು. ನನ್ನ ಪ್ರಕಾರ ಮೊದಲನೆಯದು ಅತಿಯಾದ ಭಯ. ಎರಡನೆಯದು ತುಂಬಾ ದುಬಾರಿ ಸಮಾಧಾನ.

ಮೊದಲು ಇಂಜಿನ್ ವಿಷಯ ಮುಗಿಸೋಣ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಒಂದು ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಹಾಗಂತ ಅಡುಗೆಮನೆಯ ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಸುರೀಬೇಡಿ. ಅದು ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ, ಇಂದಿನ ಸೂಕ್ಷ್ಮ ಇಂಜೆಕ್ಟರ್‌ಗಳು ಕಟ್ಟಿಕೊಳ್ಳುತ್ತವೆ. ಎಣ್ಣೆಯನ್ನು ಮೆಥನಾಲ್ ಜೊತೆ ಸೇರಿಸಿ ಗ್ಲಿಸರಿನ್ ಬೇರ್ಪಡಿಸಿದರೆ ಸಿಗೋ ತೆಳು ದ್ರವವೇ ಬಯೋಡೀಸೆಲ್. ಅದಕ್ಕೂ ದೋಷಗಳಿವೆ. ಚಳಿಗೆ ಬೇಗ ಗಟ್ಟಿಯಾಗುತ್ತೆ, ಅದಕ್ಕೇ ಮಿನೆಸೋಟ ಚಳಿಗಾಲದಲ್ಲಿ ಬಿ5ಕ್ಕೆ ಇಳಿಯುತ್ತೆ. ಹಳೇ ಟ್ಯಾಂಕಿನ ಕೊಳೆಯನ್ನು ಕರಗಿಸಿ ತಂದು ಫಿಲ್ಟರ್ ಕಟ್ಟಿಸುತ್ತೆ. ತುಂಬಾ ಹಳೇ ಗಾಡಿಗಳ ರಬ್ಬರ್ ಪೈಪುಗಳಿಗೂ ಆಗಿಬರಲ್ಲ. ಆದರೆ ಇವೆಲ್ಲ ಮೆಕ್ಯಾನಿಕ್ ಬಗೆಹರಿಸಬಲ್ಲ ತೊಂದರೆಗಳು. ಕಂಪನಿಯ ಕೈಪಿಡಿಯಲ್ಲಿ ಒಪ್ಪಿಗೆ ಇರುವಷ್ಟು ಬೆರಕೆಗೆ ಹೆದರಬೇಕಿಲ್ಲ.

ಮೆಕ್ಯಾನಿಕ್ ಬಗೆಹರಿಸಲಾಗದ ಲೆಕ್ಕ ಬೇರೆ ಇದೆ. ಜರ್ಮನಿಯಲ್ಲಿ ವಸಂತದ ಹೊಲಗಳನ್ನೆಲ್ಲ ಹಳದಿ ಮಾಡುವ ರೇಪ್‌ಸೀಡ್ ಬೆಳೆ ಗೊತ್ತಲ್ಲ? ಸಾಸಿವೆಯ ಜಾತಿಯದು. ಒಂದು ಹೆಕ್ಟೇರಿನಿಂದ, ಅಂದರೆ ಎರಡೂವರೆ ಎಕರೆಯಿಂದ, ವರ್ಷಕ್ಕೆ ಸುಮಾರು 1500 ಲೀಟರ್ ಬಯೋಡೀಸೆಲ್ ಬರುತ್ತೆ. ಜರ್ಮನಿ ವರ್ಷಕ್ಕೆ ಸುಡುವ ಡೀಸೆಲ್ 3500 ಕೋಟಿ ಲೀಟರಿಗಿಂತ ಕಡಿಮೆಯೇನಲ್ಲ. ಭಾಗಿಸಿ ನೋಡಿ. ಅಷ್ಟನ್ನೂ ಹೊಲದಿಂದಲೇ ತರಬೇಕೆಂದರೆ ಆ ದೇಶದ ಉಳುಮೆಯ ಭೂಮಿಯ ಎರಡರಷ್ಟು ಬೇಕು. ಅದೂ ಒಂದು ಕಾಳು ಗೋಧಿಯನ್ನೂ ಬೆಳೆಯದೆ!

‘ಎಲ್ಲವನ್ನೂ ಯಾರು ಕೇಳಿದರು, ಏಳು ಪಾಲು ಸಾಕಲ್ವಾ?’ ಅನ್ನಬಹುದು. ಎಣ್ಣೆ ತೆಗೆದ ಹಿಂಡಿ ದನಗಳ ಮೇವಿಗೆ ಹೋಗುತ್ತೆ ಅನ್ನೋದೂ ನಿಜ. ಆದರೆ ಎಣ್ಣೆ ಟ್ಯಾಂಕಿಗೆ ಹೋದರೆ ಬಿಸ್ಕತ್ತು, ಸೋಪು ಮಾಡುವವರು ಸುಮ್ಮನಿರಲ್ಲ, ಬೇರೆ ಕಡೆಯಿಂದ ತಾಳೆ ಎಣ್ಣೆ ಕೊಳ್ಳುತ್ತಾರೆ. 2023ರಿಂದ ಜರ್ಮನಿ ತನ್ನ ಜೈವಿಕ ಇಂಧನದ ಲೆಕ್ಕದಿಂದ ತಾಳೆ ಎಣ್ಣೆಯನ್ನು ಕೈಬಿಟ್ಟಿದೆ. ಒಳ್ಳೇದೇ. ಆದರೂ ಈ ಹಿಂಬಾಗಿಲು ತೆರೆದೇ ಇದೆ, ಅದರಾಚೆ ಇರೋದು ಕಾಡು.

ಇಂಡೋನೇಷ್ಯಾ ನೋಡಿ. 2022ರ ಏಪ್ರಿಲ್‌ನಲ್ಲಿ ಅಡುಗೆ ಎಣ್ಣೆ ತುಟ್ಟಿಯಾಯಿತೆಂದು ಆ ದೇಶ ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿತು. ಡೀಸೆಲ್‌ಗೆ ನೂರಕ್ಕೆ 30 ಪಾಲು ಬೆರೆಸೋದನ್ನು ಮಾತ್ರ ಬಿಡಲಿಲ್ಲ. 2025ರಲ್ಲಿ ಅದನ್ನು 40ಕ್ಕೆ ಏರಿಸಿತು. ಅದೇ ಎಣ್ಣೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ಭಾರತ. ಲಾರಿಯ ಟ್ಯಾಂಕೂ ಊರಿನ ಬಾಣಲೆಯೂ ಒಂದೇ ಎಣ್ಣೆಗೆ ಸಾಲು ನಿಂತಾಗ ಯಾರು ಗೆಲ್ಲುತ್ತಾರೆ ಹೇಳಿ.

ಹಾಗಾದರೆ ಬಯೋಡೀಸೆಲ್ಲೇ ಬೇಡವಾ? ಬೇಕು, ಆದರೆ ಊಟದ ಹೊಲದಿಂದ ಬೇಡ. ಕರ್ನಾಟಕದಲ್ಲಿ ಹೊಂಗೆ ಅಂತ ಒಂದು ಮರ ಇದೆ. ಇಲ್ಲೇ ಹುಟ್ಟಿ ಬೆಳೆದವರು ‘ಹೊಂಗೆ ನೆರಳು’ ಅನ್ನೋ ಮಾತನ್ನು ಅಪ್ಪ ಅಮ್ಮನ ಬಾಯಲ್ಲಿ ಕೇಳಿರಬಹುದು. ಬದುವಿನಲ್ಲಿ, ರಸ್ತೆ ಬದಿಯಲ್ಲಿ ತಾನಾಗಿ ಬೆಳೆಯುತ್ತೆ, ಮಣ್ಣಿಗೆ ಸಾರಜನಕ ಕೊಡುತ್ತೆ. ಬೀಜದ ಎಣ್ಣೆ ತಿನ್ನೋಕೆ ಬರಲ್ಲ, ಹಿಂಡಿ ಒಳ್ಳೇ ಗೊಬ್ಬರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಈ ಎಣ್ಣೆಯಲ್ಲಿ ಹಳ್ಳಿಯ ಜನರೇಟರ್ ಓಡಿಸಬಹುದೆಂದು ತೋರಿಸಿಕೊಟ್ಟರು.

ಆದರೆ ಹೊಂಗೆಯನ್ನೂ ಪವಾಡ ಮಾಡಬೇಡಿ. 2003ರ ಹೊತ್ತಿಗೆ ಭಾರತದಲ್ಲಿ ಜಟ್ರೋಫಾ ಗಿಡದ ಬಗ್ಗೆ ಹೀಗೇ ಜಾತ್ರೆ ನಡೆದಿತ್ತು. ಪಾಳುಭೂಮಿಯಲ್ಲಿ ನೆಟ್ಟರೆ ಸಾಕು ಅಂದರು. ನೀರು ಗೊಬ್ಬರ ಇಲ್ಲದೆ ಬೀಜ ಬರಲಿಲ್ಲ. ಕಡತದಲ್ಲಿ ‘ಪಾಳು’ ಅಂತಿದ್ದ ನೆಲ ಎಷ್ಟೋ ಕಡೆ ಊರಿನ ದನ ಮೇಯುವ ಜಾಗವಾಗಿತ್ತು. 2009ರ ನೀತಿ 2017ಕ್ಕೆ ನೂರಕ್ಕೆ 20 ಪಾಲು ಅಂತ ಗುರಿ ಇಟ್ಟಿತು, ಒಂದು ಪಾಲನ್ನೂ ಮುಟ್ಟಲಿಲ್ಲ. 2018ರಲ್ಲಿ ಗುರಿಯೇ ಇಳಿಯಿತು: 2030ಕ್ಕೆ ಐದು. ಬದುವಿನ ಮರ ಬದುವಿನಲ್ಲೇ ಇದ್ದರೆ ಊರಿನ ಪಂಪ್‌ಸೆಟ್ಟಿಗೆ, ಟ್ರ್ಯಾಕ್ಟರಿಗೆ ಒಂದಷ್ಟು ಎಣ್ಣೆ ಕೊಡುತ್ತೆ. ಅದನ್ನು ತೋಟ ಮಾಡಿ ಹೆದ್ದಾರಿಯ ಹೊಟ್ಟೆ ತುಂಬಿಸಲು ಹೊರಟರೆ ಮತ್ತದೇ ಕತೆ.

ಇನ್ನೊಂದು ಸರಿಯಾದ ಮೂಲ ಕರಿದ ಎಣ್ಣೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ಹೋಟೆಲುಗಳ ಹಳಸಿದ ಎಣ್ಣೆಯನ್ನು ಬಯೋಡೀಸೆಲ್‌ಗೆ ಕಳಿಸುವ ಯೋಜನೆ ನಡೆಸುತ್ತಿದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಬೋಂಡಾ ತಿನ್ನೋ ಬದಲು ಅದು ಬಸ್ಸಿಗೆ ಹೋಗಲಿ, ಎಲ್ಲರಿಗೂ ಲಾಭ. ಆದರೆ ಕರಿದ ಎಣ್ಣೆ ಬೇಕಾದಷ್ಟು ಸಿಗಲ್ಲ. ನಾವು ತಿನ್ನೋ ವಡೆಗೆ ಒಂದು ಮಿತಿ ಇದೆ!

ಅದಕ್ಕೇ ನನ್ನ ವಾದ ಇಷ್ಟೇ. ಈ ಇಂಧನ ಸ್ವಲ್ಪವೇ ಇದೆ. ಬ್ಯಾಟರಿಯಿಂದ ಸುಲಭವಾಗಿ ಓಡಬಲ್ಲ ನಿಮ್ಮ ಮನೆಯ ಕಾರಿಗೆ ಅದನ್ನು ಹಂಚುತ್ತಾ ‘ಹಸಿರು’ ಅನ್ನೋದು ಅನ್ಯಾಯ. ಟ್ರ್ಯಾಕ್ಟರು, ಹಡಗುಗಳ ಸರದಿ ಮೊದಲು ಬರಲಿ. ‘ಸಸ್ಯಜನ್ಯ’ ಅನ್ನೋ ಪದ ಕೇಳಿದ ತಕ್ಷಣ ನೀವು ಎರಡು ಪ್ರಶ್ನೆ ಕೇಳಿ: ಯಾವ ಗಿಡ? ಯಾರ ನೆಲ? ನಿಮ್ಮ ವೋಟು ಕೇಳಲು ಬಂದವರನ್ನೂ ಕೇಳಿ. ಉತ್ತರ ಸಿಗದಿದ್ದರೆ ಕೀಲಿಕೈ ಮನೆಯಲ್ಲೇ ಬಿಟ್ಟು ಟ್ರೇನು ಹತ್ತಿ.