ಒಂದು ಅಂಕಕ್ಕೆ ಮುಗಿಯದ ಉಪಗ್ರಹ

ಸ್ಪರ್ಧಾತ್ಮಕ ಪರೀಕ್ಷೆಯ ಯಾವ ಗೈಡ್ ತೆರೆದರೂ ಬಾಹ್ಯಾಕಾಶದ ಪುಟ ಆರ್ಯಭಟದಿಂದಲೇ ಶುರು. ಭಾರತದ ಮೊದಲ ಉಪಗ್ರಹ ಯಾವುದು? ಆರ್ಯಭಟ. ಹಾರಿದ್ದು ಯಾವಾಗ? 1975ರ ಏಪ್ರಿಲ್ 19. ಎಲ್ಲಿಂದ? ಇಲ್ಲಿ ಸ್ವಲ್ಪ ಎಚ್ಚರ ಬೇಕು. ಶ್ರೀಹರಿಕೋಟಾಕ್ಕೆ ಟಿಕ್ ಹಾಕಿದವರು ಕೆಟ್ಟರು; ಅದು ಹಾರಿದ್ದು ಸೋವಿಯತ್ ಒಕ್ಕೂಟದ ಕಪುಸ್ಟಿನ್ ಯಾರ್‌ನಿಂದ. ಧಾರವಾಡದ ಸಪ್ತಾಪುರದ ಯಾವ ಪಿಜಿಗೆ ಹೋಗಿ, ಮಲಗಿದವರನ್ನು ಎಬ್ಬಿಸಿ ಕೇಳಿದರೂ ಇಷ್ಟು ಉತ್ತರ ಪಟಪಟನೆ ಬರುತ್ತದೆ. ಅದೇ ಹುಡುಗರಿಗೆ ‘ಉಪಗ್ರಹ ತಲೆಯ ಮೇಲೆ ಹಾದುಹೋಗುವುದನ್ನು ಯಾವತ್ತಾದರೂ ನೋಡಿದ್ದೀರಾ?’ ಎಂದು ಕೇಳಿ. ನಾನು ಕೇಳಿದವರಲ್ಲಿ ಹೆಚ್ಚಿನವರು ಮರುಪ್ರಶ್ನೆ ಹಾಕಿದರು: ‘ಅದಕ್ಕೆ ಟೆಲಿಸ್ಕೋಪ್ ಬೇಕಲ್ವಾ?’

ಬೇಡ. ಬೈನಾಕ್ಯುಲರ್ ಕೂಡ ಬೇಡ. ಪಿಜಿಯ ತಾರಸಿಗೆ ಹೋಗುವ ಬಾಗಿಲಿಗೆ ಓನರ್ ಬೀಗ ಹಾಕಿರಬಾರದು, ಅಷ್ಟೇ.

ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ನಮಗೆ ಕಾಣುವುದು ಅದರ ಮೈಮೇಲೆ ಬಿದ್ದು ಮರಳಿದ ಬಿಸಿಲು. ಹಾಗಾಗಿ ನಾವು ಕತ್ತಲಲ್ಲಿರಬೇಕು, ಅದು ಇನ್ನೂ ಬಿಸಿಲಲ್ಲಿರಬೇಕು. ಸೂರ್ಯ ಮುಳುಗಿದ ಮೇಲಿನ ಒಂದೂವರೆ ಗಂಟೆ ಮತ್ತು ಹುಟ್ಟುವ ಮುಂಚಿನ ಒಂದೂವರೆ ಗಂಟೆ, ಇವೆರಡೂ ಅದಕ್ಕೆ ಸರಿಯಾದ ಹೊತ್ತು. ಇದನ್ನು ನಂಬಿಕೆಯ ಮೇಲೆ ಒಪ್ಪಬೇಕಿಲ್ಲ, ಪಿಯುಸಿಯ ತ್ರಿಕೋನಮಿತಿ ಸಾಕು. ಭೂಮಿಯ ತ್ರಿಜ್ಯ 6,371 ಕಿ.ಮೀ., ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಎತ್ತರ ಸುಮಾರು 400 ಕಿ.ಮೀ. ಲೆಕ್ಕ ಹಾಕಿದರೆ, ಸೂರ್ಯ ದಿಗಂತದಿಂದ ಸುಮಾರು 20 ಡಿಗ್ರಿ ಕೆಳಗಿಳಿಯುವವರೆಗೆ ನಮ್ಮ ನೆತ್ತಿಯ ಮೇಲಿನ ನಿಲ್ದಾಣಕ್ಕೆ ಬಿಸಿಲು ತಾಗುತ್ತಲೇ ಇರುತ್ತದೆ. ಕರ್ನಾಟಕದಲ್ಲಿ ಸೂರ್ಯ ಅಷ್ಟು ಕೆಳಗಿಳಿಯಲು ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು. ಯುರೋಪಿನ ಉತ್ತರದ ದೇಶಗಳಲ್ಲಿ ಜೂನ್ ತಿಂಗಳಿಡೀ ಸೂರ್ಯ ಅಷ್ಟು ಆಳಕ್ಕೆ ಇಳಿಯುವುದೇ ಇಲ್ಲ, ಅಲ್ಲಿಯವರು ರಾತ್ರಿಯಿಡೀ ನೋಡಬಹುದು. ನಮಗೆ ಆ ಭಾಗ್ಯವಿಲ್ಲ. ಬದಲಿಗೆ ಇನ್ನೊಂದು ದೃಶ್ಯ ಸಿಗುತ್ತದೆ. ಬೆಳ್ಳಿಚುಕ್ಕಿಯಷ್ಟು ಹೊಳೆಯುತ್ತ ಬಂದ ನಿಲ್ದಾಣ ಆಕಾಶದ ನಟ್ಟನಡುವೆ ಕೆಲವೇ ಸೆಕೆಂಡುಗಳಲ್ಲಿ ಮಂಕಾಗಿ ಆರಿಹೋಗುತ್ತದೆ. ಮೋಡ ಅಡ್ಡ ಬಂದದ್ದಲ್ಲ, ಅದು ಭೂಮಿಯ ನೆರಳಿನೊಳಗೆ ಹೊಕ್ಕಿತು. ಗ್ರಹಣದ ಪಾಠದಲ್ಲಿ ಚಿತ್ರವಾಗಿ ಬರೆದ ಆ ನೆರಳಿನ ಅಂಚು ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಬಹುದು.

ಮೊದಲ ಸಲ ಇದನ್ನು ತೋರಿಸಿದಾಗ ಬಾಗಲಕೋಟೆ ಕಡೆಯ ನನ್ನ ರೂಮ್‌ಮೇಟ್ ‘ಏ, ಇಮಾನ ಐತಿ ಬಿಡೋ ಅದು’ ಎಂದಿದ್ದ. ಅನುಮಾನ ನ್ಯಾಯವಾದದ್ದೇ. ವಿಮಾನವಾದರೆ ಕೆಂಪು, ಹಸಿರು ದೀಪಗಳಿರುತ್ತವೆ, ಪಕಪಕ ಮಿನುಗುತ್ತವೆ, ಹತ್ತಿರವಿದ್ದರೆ ಸದ್ದೂ ಬರುತ್ತದೆ. ಉಪಗ್ರಹದ ಬೆಳಕು ಸ್ಥಿರ, ಮಿನುಗದೆ ಸದ್ದಿಲ್ಲದೆ ಜಾರುತ್ತ ಹೋಗುತ್ತದೆ. ಕೆಲವು ಮಾತ್ರ ಲಯಬದ್ಧವಾಗಿ ಹೊಳೆದು ಮಸುಕಾಗುತ್ತವೆ. ಅವು ಕೆಲಸ ಮುಗಿದ ಮೇಲೂ ಕಕ್ಷೆಯಲ್ಲೇ ಉಳಿದು ಗಿರಗಿರ ಉರುಳುತ್ತಿರುವ ರಾಕೆಟ್ಟಿನ ಖಾಲಿ ಕೊಳವೆಗಳಾಗಿರಬಹುದು. ಹೆಚ್ಚಿನವು ಪಶ್ಚಿಮದಿಂದ ಪೂರ್ವದ ಕಡೆಗೆ ಹೋಗುತ್ತವೆ, ಏಕೆಂದರೆ ಭೂಮಿ ತಿರುಗುವ ದಿಕ್ಕಿಗೇ ಹಾರಿಸಿದರೆ ಅದರ ವೇಗ ಪುಕ್ಕಟೆಯಾಗಿ ಸಿಗುತ್ತದೆ. ಉತ್ತರ–ದಕ್ಷಿಣವಾಗಿ ಸಾಗುವುದು ಕಂಡರೆ ಅದು ಭೂಮಿಯ ಚಿತ್ರ ತೆಗೆಯುವ ಧ್ರುವೀಯ ಕಕ್ಷೆಯ ಉಪಗ್ರಹ ಇರುವ ಸಾಧ್ಯತೆ ಹೆಚ್ಚು. ಹಾಸನದ ಕೇಂದ್ರದಿಂದ ನಿಯಂತ್ರಿಸುವ ಟಿವಿ, ಸಂಪರ್ಕದ ಉಪಗ್ರಹಗಳನ್ನು ಮಾತ್ರ ಹುಡುಕಬೇಡಿ. ಅವು 36,000 ಕಿ.ಮೀ. ಎತ್ತರದಲ್ಲಿವೆ, ಬರಿಗಣ್ಣಿಗೆ ಸಿಗವು.

ನಿಲ್ದಾಣ ಯಾವ ದಿನ, ಎಷ್ಟು ಗಂಟೆಗೆ, ಯಾವ ದಿಕ್ಕಿನಿಂದ ಬರುತ್ತದೆ ಎಂಬುದನ್ನು ನಾಸಾದ ‘ಸ್ಪಾಟ್ ದಿ ಸ್ಟೇಷನ್’ ಹೇಳುತ್ತದೆ. ದುಡ್ಡಿಲ್ಲ, ಕಾಸಿಲ್ಲ. ಗಂಟೆಗೆ ಸುಮಾರು 28,000 ಕಿ.ಮೀ. ವೇಗ, ಬೀದರ್‌ನಿಂದ ಚಾಮರಾಜನಗರಕ್ಕೆ ಅದಕ್ಕೆ ಒಂದೂವರೆ ನಿಮಿಷದ ದಾರಿ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದದ್ದು ಪ್ರಚಲಿತ ವಿದ್ಯಮಾನದ ನೋಟ್ಸ್‌ನಲ್ಲಿ ನಿಮಗೆ ಬಾಯಿಪಾಠವಾಗಿರುತ್ತದೆ. ಅವರ ಜೊತೆ ಮೆಂತ್ಯ, ಹೆಸರುಕಾಳೂ ಹೋಗಿದ್ದವು. ಪ್ರಯೋಗ ರೂಪಿಸಿದ್ದು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ. ಸಪ್ತಾಪುರದಿಂದ ಸಿಟಿ ಬಸ್ ಹತ್ತಿ ಹೋಗುವಷ್ಟು ಹತ್ತಿರದ ಕ್ಯಾಂಪಸ್ಸಿನ ಕಾಳು ಆ ಬೆಳಕಿನ ಚುಕ್ಕಿಯೊಳಗೆ ಮೊಳಕೆಯೊಡೆದಿತ್ತು. ಗೈಡ್‌ನಲ್ಲಿ ಓದಿದಾಗ ಅದೊಂದು ಸಾಲು. ಚುಕ್ಕಿ ಕಣ್ಣೆದುರು ಹೋಗುವಾಗ ನೆನಪಾದರೆ ಬೇರೆಯೇ ಅನಿಸುತ್ತದೆ.

‘ನೌಕರಿ ಸಿಗದೆ ಹಬ್ಬಕ್ಕೂ ಊರಿಗೆ ಹೋಗದೆ ಕೂತವರಿಗೆ ಚುಕ್ಕಿ ತೋರಿಸ್ತೀಯಲ್ಲೋ’ ಎಂದು ಗೆಳೆಯರು ರೇಗುತ್ತಾರೆ. ಒಪ್ಪುತ್ತೇನೆ, ಇದರಿಂದ ನೌಕರಿ ಸಿಗುವುದಿಲ್ಲ. ಆದರೆ ನಮ್ಮ ಓದಿನಲ್ಲಿ ಎಲ್ಲವೂ ಯಾರೋ ನೋಡಿದ್ದು, ಯಾರೋ ಅಳೆದದ್ದು, ಯಾರೋ ಕೀ ಆನ್ಸರ್ ಕೊಟ್ಟದ್ದು. ನಾವೇ ಅಳೆದು ‘ಹೌದು, ಇದು ನಿಜ’ ಎನ್ನಬಹುದಾದ ಒಂದಾದರೂ ಸಂಗತಿ ಇದ್ದರೆ ಒಳ್ಳೆಯದಲ್ಲವೇ? ಒಂದು ಉದಾಹರಣೆ ಕೊಡುತ್ತೇನೆ. ನಿಲ್ದಾಣ ಹುಬ್ಬಳ್ಳಿಯಲ್ಲಿರುವವರ ನೆತ್ತಿಯ ಮೇಲೆ ಸಾಗುವ ಸಂಜೆ ದಾವಣಗೆರೆಯ ಗೆಳತಿಗೋ ಗೆಳೆಯನಿಗೋ ಫೋನ್ ಮಾಡಿ, ಇಬ್ಬರೂ ಅದೇ ಕ್ಷಣಕ್ಕೆ ಅದು ಯಾವ ನಕ್ಷತ್ರದ ಪಕ್ಕದಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. ಎರಡೂ ಊರುಗಳ ನಡುವೆ ನೇರ ದೂರ ಸುಮಾರು 130 ಕಿ.ಮೀ. ದಾವಣಗೆರೆಯವರಿಗೆ ಅದು ನೆತ್ತಿಯಿಂದ ಸುಮಾರು 18 ಡಿಗ್ರಿ ಸರಿದು ಕಾಣಬೇಕು. ಕೈ ನೀಟಾಗಿ ಚಾಚಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಅಂದರೆ ಹತ್ತಿರಹತ್ತಿರ ಎರಡು ಮುಷ್ಟಿ. ಆ ಕೋನದಿಂದ ಎತ್ತರ ನೀವೇ ತೆಗೆಯಬಹುದು. 350 ಬರಲಿ, 450 ಬರಲಿ, ಅದು ನಿಮ್ಮ ಅಳತೆ. ಹತ್ತು ಕಿ.ಮೀ. ಎತ್ತರದ ವಿಮಾನವಾಗಿದ್ದರೆ ಹುಬ್ಬಳ್ಳಿಯ ನೆತ್ತಿಯ ಮೇಲಿನದು ದಾವಣಗೆರೆಯಲ್ಲಿ ದಿಗಂತಕ್ಕೆ ಅಂಟಿರುತ್ತಿತ್ತು. ರೂಮ್‌ಮೇಟ್‌ನ ‘ಇಮಾನ’ಕ್ಕೂ ಅಲ್ಲೇ ಉತ್ತರ.

ಹೀಗೆ ನೋಡುವುದನ್ನು ದೊಡ್ಡ ವಿಜ್ಞಾನಿಗಳೂ ಹಗುರವಾಗಿ ಕಂಡಿಲ್ಲ. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರುವ ಮೊದಲೇ ಅಮೆರಿಕದ ಖಗೋಳವಿಜ್ಞಾನಿ ಫ್ರೆಡ್ ವಿಪಲ್ ‘ಮೂನ್‌ವಾಚ್’ ಎಂಬ ಹವ್ಯಾಸಿಗಳ ತಂಡಗಳನ್ನು ಕಟ್ಟಿದ್ದರು. ಶಿಕ್ಷಕರು, ವಿದ್ಯಾರ್ಥಿಗಳು ಸಣ್ಣ ದೂರದರ್ಶಕ ಹಿಡಿದು ಸಾಲಾಗಿ ಕೂತು ಸಮಯ ಬರೆದುಕೊಳ್ಳುತ್ತಿದ್ದರು. ಅದೇ ಸಂಸ್ಥೆ ಉಪಗ್ರಹಗಳ ಚಿತ್ರ ತೆಗೆಯಲು ಜಗತ್ತಿನ 12 ಕಡೆ ನಿಲ್ಲಿಸಿದ ದೊಡ್ಡ ಕ್ಯಾಮೆರಾಗಳಲ್ಲಿ ಒಂದು ನಮ್ಮ ನೈನಿತಾಲ್‌ನಲ್ಲಿತ್ತು. ಅಂದಹಾಗೆ, ಸ್ಪುಟ್ನಿಕ್ ಕಂಡೆವು ಎಂದು ಬರಿಗಣ್ಣಿನಲ್ಲಿ ನೋಡಿ ಸಂಭ್ರಮಿಸಿದವರಲ್ಲಿ ಬಹುತೇಕರು ಕಂಡದ್ದು ಅದನ್ನು ಹೊತ್ತೊಯ್ದ ರಾಕೆಟ್ಟಿನ ದೊಡ್ಡ ಭಾಗವನ್ನು. 58 ಸೆಂ.ಮೀ. ಗೋಳ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವಂಥದ್ದಲ್ಲ.

ಈಗ ತಾರಸಿ ಹತ್ತುವವರಿಗೆ ಬೇರೆ ಸಮಸ್ಯೆ. ಆಗ ಚುಕ್ಕಿ ಹುಡುಕಬೇಕಿತ್ತು, ಈಗ ಹುಡುಕದೆಯೂ ಸಿಗುತ್ತವೆ. 2019ರ ಮೇ ತಿಂಗಳಲ್ಲಿ ಸ್ಟಾರ್‌ಲಿಂಕ್‌ನ ಮೊದಲ 60 ಉಪಗ್ರಹಗಳು ಒಂದೇ ರಾಕೆಟ್ಟಿನಲ್ಲಿ ಹೋದವು. ಹಾರಿದ ಹೊಸದರಲ್ಲಿ ಅವು ಮಣಿಸರದಂತೆ ಸಾಲಾಗಿ ಕಾಣುತ್ತವೆ. ಈಗ ಆ ಒಂದು ಕಂಪನಿಯವೇ 7,000ಕ್ಕೂ ಹೆಚ್ಚು ಮೇಲಿವೆ. ಅದರ ಜೊತೆ ಬೇರೆಯವರದೂ ಇವೆ, ಇನ್ನೂ ಹಲವರು ಸರದಿಯಲ್ಲಿದ್ದಾರೆ. ನಾವೇನೂ ಇದರಿಂದ ಹೊರಗಿಲ್ಲ. ಇಸ್ರೊ 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ತಲಾ 36ರಂತೆ ಒನ್‌ವೆಬ್‌ನ 72 ಉಪಗ್ರಹಗಳನ್ನು ಏರಿಸಿತು. 2025ರ ಡಿಸೆಂಬರ್‌ನಲ್ಲಿ ಅಮೆರಿಕದ ಕಂಪನಿಯೊಂದರ ಬ್ಲೂಬರ್ಡ್ ಉಪಗ್ರಹ ಶ್ರೀಹರಿಕೋಟಾದಿಂದ ಹೋಯಿತು. ಆರು ಟನ್ ಮೀರಿದ ತೂಕ, ನಮ್ಮ ರಾಕೆಟ್ ಹೊತ್ತ ಅತ್ಯಂತ ಭಾರದ ಉಪಗ್ರಹ ಎಂದು ನಾವೆಲ್ಲ ನೋಟ್ಸ್ ಬರೆದುಕೊಂಡೆವು. ಅದರ ಆಂಟೆನಾ ಬಿಚ್ಚಿದರೆ ಸುಮಾರು 2,400 ಚದರ ಅಡಿ. ಬೆಂಗಳೂರಿನವರ ಲೆಕ್ಕದಲ್ಲಿ ಒಂದು 40–60 ಸೈಟು. ಅಷ್ಟಗಲದ ಹಲಗೆ ಬಿಸಿಲಿಗೆ ಹೇಗೆ ಹೊಳೆಯಬಹುದು ಎಂಬ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲೂ ನನಗೆ ಸಿಕ್ಕಿಲ್ಲ.

ಇದನ್ನೆಲ್ಲ ನಿಲ್ಲಿಸಿ ಎಂದು ನಾನು ಹೇಳಲಾರೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗಾಗಿ ಮಲೆನಾಡಿನ ಹುಡುಗ ಹುಡುಗಿಯರು ಕೊಡೆ ಹಿಡಿದು ಗುಡ್ಡ ಹತ್ತಿ ಕೂತಿದ್ದನ್ನು ಕಂಡವರು ಹಾಗೆ ಹೇಳುವುದಾದರೂ ಹೇಗೆ? ಟವರ್ ಬಾರದ ಊರಿಗೆ ಆಕಾಶದಿಂದ ನೆಟ್‌ವರ್ಕ್ ಬಂದರೆ ಬರಲಿ. ಆದರೆ ‘ನೆಟ್‌ವರ್ಕ್ ಬೇಕೋ, ನಕ್ಷತ್ರ ಬೇಕೋ’ ಎಂದು ಕೇಳುವುದೇ ಮೋಸ. ಎರಡೂ ಸಾಧ್ಯ. ಬರಿಗಣ್ಣಿಗೆ ಕಾಣುವ ಅತಿ ಮಸುಕಾದ ನಕ್ಷತ್ರದ ಕಾಂತಿಮಾನ ಸುಮಾರು 6. ಅಂಕಿ ಹೆಚ್ಚಿದಷ್ಟೂ ಹೊಳಪು ಕಡಿಮೆ. ಕೆಳಕಕ್ಷೆಯ ಉಪಗ್ರಹಗಳು 7ಕ್ಕಿಂತ ಮಸುಕಾಗಿರಲಿ ಎಂಬುದು ಖಗೋಳವಿಜ್ಞಾನಿಗಳ ಬೇಡಿಕೆ. 2023ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಸ್ಟಾರ್‌ಲಿಂಕ್‌ನವರೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಇದೇ ಗುರಿ ಇದೆ. ಬಿಸಿಲು ತಡೆಯುವ ಮರೆ, ಬೆಳಕನ್ನು ಬೇರೆ ಕಡೆ ತಿರುಗಿಸುವ ಲೇಪನ, ಹಲಗೆ ತಿರುಗಿಸುವ ಕೋನ, ಎಲ್ಲವನ್ನೂ ಪ್ರಯೋಗಿಸಿ ನೋಡಲಾಗಿದೆ, ಹೊಳಪು ತಗ್ಗಿದೆ.

ಹಾಗಾದರೆ ನಮ್ಮಲ್ಲಿ ಅನುಮತಿ ಕೊಡುವ ಇನ್‌ಸ್ಪೇಸ್, ರಾಕೆಟ್ ಬಾಡಿಗೆಗೆ ಕೊಡುವ ಎನ್‌ಎಸ್‌ಐಎಲ್ ಕೂಡ ಈ ಅಂಕಿಯನ್ನು ಷರತ್ತಾಗಿ ಇಡಲಿ. ಲಡಾಖ್‌ನ ಹಾನ್ಲೆಯನ್ನು 2022ರಲ್ಲಿ ಕತ್ತಲಾಕಾಶದ ಮೀಸಲು ಪ್ರದೇಶ ಎಂದು ಘೋಷಿಸಿದ ದೇಶ ನಮ್ಮದು. ಅಲ್ಲಿನ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಹಾನ್ಲೆಯ ಮನೆಗಳಿಗೆ ಕಿಟಕಿ ಪರದೆ ಹಾಕಿಸಿ ಬೆಳಕು ತಗ್ಗಿಸಬಹುದು, ಮೇಲೆ ಹಾಯುವ ಉಪಗ್ರಹಕ್ಕೆ ಪರದೆ ಯಾರು ಹಾಕಬೇಕು? ಉಪಗ್ರಹ ನೋಡುವುದೇ ಚಟವಾದ ನಾನು ಉಪಗ್ರಹ ಕಾಣದಂತಿರಲಿ ಎನ್ನುವುದು ವಿಚಿತ್ರ ಎನಿಸಬಹುದು. ಒಂದು ನಿಲ್ದಾಣಕ್ಕಾಗಿ ಕಾದು ನಿಲ್ಲುವುದು ಬೇರೆ, ಎಲ್ಲಿ ಕಣ್ಣಿಟ್ಟರೂ ಹುಳುಗಳಂತೆ ಹರಿದಾಡುವುದು ಬೇರೆ.

ಇಂಥ ಬೇಡಿಕೆ ಇಡಲು ನಾವು ಯಾರು ಎಂದರೆ, ನೋಡುವವರು. 2022ರಲ್ಲಿ ಹಾರಿದ ಬ್ಲೂವಾಕರ್–3 ಎಂಬ ಉಪಗ್ರಹ ಆಕಾಶದ ಅತಿ ಹೊಳೆಯುವ ನಕ್ಷತ್ರಗಳಿಗೆ ಸಮನಾಗಿ ಹೊಳೆಯುತ್ತದೆ ಎಂದು ‘ನೇಚರ್’ ಪತ್ರಿಕೆಯಲ್ಲಿ ಮರುವರ್ಷ ಪ್ರಕಟವಾಯಿತು. ಆ ಅಧ್ಯಯನಕ್ಕೆ ಹಲವು ದೇಶಗಳ ವೃತ್ತಿಪರರ ಜೊತೆ ಹವ್ಯಾಸಿಗಳೂ ದಾಖಲೆ ಕೊಟ್ಟಿದ್ದರು. ಆ ಕೆಲಸಕ್ಕೆ ಬೇಕಾದದ್ದು ಹೆಚ್ಚೇನಿಲ್ಲ. ದಿನಾಂಕ, ಸೆಕೆಂಡ್ ಸಮೇತ ಸಮಯ, ನೀವು ನಿಂತ ಜಾಗ, ಅದು ಹಾದ ದಾರಿ, ಯಾವ ನಕ್ಷತ್ರಕ್ಕಿಂತ ಹೆಚ್ಚು ಅಥವಾ ಕಡಿಮೆ ಹೊಳೆಯಿತು ಎಂಬುದು. ಹೋಲಿಕೆಗೆ ಬೇಸಿಗೆಯ ಸಂಜೆ ಸ್ವಾತಿ, ಚಿತ್ರಾ ಇವೆ. ಚಳಿಗಾಲಕ್ಕೆ ಲುಬ್ಧಕ, ರೋಹಿಣಿ. ನಾಲ್ಕು ನಕ್ಷತ್ರಗಳ ಕಾಂತಿಮಾನ ನೆನಪಿಟ್ಟುಕೊಳ್ಳುವುದು ಸಂವಿಧಾನದ ಅನುಸೂಚಿಗಳನ್ನು ಉರು ಹೊಡೆದವರಿಗೆ ಕಷ್ಟವೇನಲ್ಲ. ಮಾಕ್ ಟೆಸ್ಟ್‌ನ ಖಾಲಿ ಒಎಂಆರ್ ಹಾಳೆಯ ಹಿಂಬದಿ ಸಾಕು. ಮೊದಲು ತಾರಸಿಯ ಕೀಲಿ ಕೇಳಿ ಇಟ್ಟುಕೊಳ್ಳಿ.