ಹದಿನಾರೇ ಗಂಟೆ ಅಂತೆ!

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಅಂತ ಅಂತರ್ಜಾಲದಲ್ಲಿ ಹುಡುಕಿ ನೋಡಿ. ಸುಮಾರು 14,000 ಕಿ.ಮೀ. ಅಂತ ಬರುತ್ತೆ. ಪಕ್ಕದಲ್ಲೇ, ನೀವು ಕೇಳದಿದ್ರೂ, 'ಪ್ರಯಾಣದ ಸಮಯ 16 ಗಂಟೆ' ಅಂತ ಒಂದು ಒಗ್ಗರಣೆ.

ದೂರದ ಬಗ್ಗೆ ನನ್ನ ತಕರಾರಿಲ್ಲ. ಎರಡು ಊರಿನ ಅಕ್ಷಾಂಶ ರೇಖಾಂಶ ಗೊತ್ತಿದ್ರೆ ಹತ್ತು ಸಾಲಿನ ಪ್ರೋಗ್ರಾಂ ಸಾಕು, ನಾನೂ ಬರೆದು ನೋಡಿದೀನಿ. ಜಗಳ ಇರೋದು ಆ 16ರ ಜೊತೆ. ದೂರವನ್ನ ಗಂಟೆಗೆ 900 ಕಿ.ಮೀ.ಯಿಂದ ಭಾಗಿಸಿ, ಏರೋದಕ್ಕೆ ಇಳಿಯೋದಕ್ಕೆ ಅಂತ ಅರ್ಧ ಗಂಟೆ ಸೇರಿಸಿದ್ದು ಅದು. ಏಳನೇ ಕ್ಲಾಸಿನ ಲೆಕ್ಕ ಸ್ವಾಮಿ!

ಮೇಲೆ ಗಾಳಿ ಅಂತ ಒಂದಿದೆ. ನ್ಯೂಯಾರ್ಕ್-ಲಂಡನ್ ನಡುವೆ ಹೋದರೂ ಬಂದರೂ ಅದೇ 5,500 ಕಿ.ಮೀ. ಆದರೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸೋದ್ರಿಂದ ಲಂಡನ್ ಕಡೆ ಬರುವಾಗ ಸುಮಾರು ಒಂದು ಗಂಟೆ ಉಳಿಯುತ್ತೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಹೊತ್ತಿಗೆ ಬ್ರಿಟಿಷ್ ಏರ್‌ವೇಸಿನ ಒಂದು ವಿಮಾನ 4 ಗಂಟೆ 56 ನಿಮಿಷಕ್ಕೇ ಬಂದುಬಿಟ್ಟಿತ್ತು. ಆಕಾಶಕ್ಕೆ ಬೇಲಿನೂ ಇದೆ. 2022ರಲ್ಲಿ ರಷ್ಯಾ ತನ್ನ ವಾಯುಪ್ರದೇಶ ಮುಚ್ಚಿದ ಮೇಲೆ ಹೆಲ್ಸಿಂಕಿ-ಟೋಕಿಯೋ ಹಾರಾಟ ಸುಮಾರು 9 ಗಂಟೆಯಿಂದ 13ಕ್ಕೆ ಹೋಯ್ತು. ಎರಡೂ ನಿಲ್ದಾಣ ಇದ್ದಲ್ಲೇ ಇವೆ!

ಇಷ್ಟೆಲ್ಲ ಯಾಕೆ ಕೂಗಾಡ್ತಿದೀನಿ ಅಂದ್ರೆ, ಈ ಸಂಖ್ಯೆಯನ್ನ ನಾವು ಮನೆಯವರ ಸಮಾಧಾನಕ್ಕೆ ಬಳಸ್ತೀವಿ. ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ ನಾನೂ ಅಜ್ಜಿಗೆ ಅಂದಿದ್ದೆ, "ಹದಿನಾರೇ ಗಂಟೆ ಅಜ್ಜಿ, ಬೆಳಿಗ್ಗೆ ಫೋನ್ ಮಾಡಿದ್ರೆ ರಾತ್ರಿಗೆ ಬಂದೆ." ಅಜ್ಜಿ ನಂಬಿದ್ಲು. ಇಂಜಿನಿಯರ್ ಮೊಮ್ಮಗ ಹೇಳಿದ್ದಲ್ವಾ.

ಅಪ್ಪಯ್ಯನ ಫೋನ್ ಬಂದಿದ್ದು ಊರಲ್ಲಿ ಶನಿವಾರ ಬೆಳಿಗ್ಗೆ ಏಳೂವರೆಗೆ. "ಅಜ್ಜಿಗೆ ಹುಷಾರಿಲ್ಲ, ಹೊರಡು ಮಾರಾಯ." ನನಗಿನ್ನೂ ಶುಕ್ರವಾರ ಸಂಜೆ. ಟಿಕೆಟ್ ಸಿಕ್ಕಿದ್ದು ಮರುದಿನ ಮಧ್ಯಾಹ್ನದ್ದು, ಫ್ರಾಂಕ್‌ಫರ್ಟ್ ಮೇಲೆ. ಆ ದಾರಿ 14,000 ಅಲ್ಲ, ಹದಿನಾರೂವರೆ ಸಾವಿರ ಕಿ.ಮೀ. ಅಲ್ಲಿ ಎರಡೂವರೆ ಗಂಟೆ ಕಾಯಬೇಕು. ಹಾಗೆ ಕಾಯ್ತಾ ಕೂತಿದ್ದಾಗಲೇ ಊರಲ್ಲಿ ಅಜ್ಜಿ ಹೋದ್ಲು, ಭಾನುವಾರ ಸಂಜೆ ನಾಲ್ಕಕ್ಕೆ. ಸೋಮವಾರ ನಡುರಾತ್ರಿ ಕಳೆದು ಎರಡಕ್ಕೆ ಬೆಂಗಳೂರು. ಅಲ್ಲಿಂದ ಸಾಗರಕ್ಕೆ ಟ್ಯಾಕ್ಸಿ, ಅಂಗಳದಲ್ಲಿ ಇಳಿದಾಗ ಹನ್ನೊಂದು ಗಂಟೆ. ಫೋನ್ ಬಂದಾಗಿಂದ ಎಣಿಸಿದರೆ ಐವತ್ತೊಂದೂವರೆ ಗಂಟೆ.

'ನೇರ ವಿಮಾನ ಹಿಡೀಬೇಕಿತ್ತು' ಅಂದವರೂ ಇದ್ದಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ಹಾರಿ ತಂದ ಮೊದಲ ನೇರ ವಿಮಾನವೂ ಅಲ್ಲಿಂದ ಶನಿವಾರ ರಾತ್ರಿ ಹೊರಟು ಇಲ್ಲಿ ಇಳಿದಿದ್ದು ಸೋಮವಾರ ಬೆಳಗಿನ ಜಾವ. ಹಾರಿದ್ದು ಸುಮಾರು 17 ಗಂಟೆ, ಗಡಿಯಾರ ನುಂಗಿದ್ದು ಹದಿಮೂರೂವರೆ. ಭಾನುವಾರ ಎಲ್ಲಿ ಹೋಯ್ತು, ಹೇಳಿ?

ನಿಮ್ಮಲ್ಲೂ ಎಷ್ಟೋ ಜನ ದೂರದ ದೇಶದಲ್ಲಿ ಕೂತು ಬರೀತೀರಿ. ಹೋದ ಸಲ ಊರಿಗೆ ಹೋದಾಗ ಬಾಗಿಲಿಂದ ಬಾಗಿಲಿಗೆ ಎಷ್ಟು ಗಂಟೆ ಆಯ್ತು? ಎಣಿಸಿದ್ದನ್ನ ಹೇಳಿ, ಭಾಗಾಕಾರ ಮಾಡಿದ್ದನ್ನಲ್ಲ.